ಮುಂದಿನ ವರ್ಷ ಎಲ್ಲಿಗೆ?



ನಮ್ಮ ಕಾಸರಗೋಡು ಕಡೆಯ ಧರ್ಮಕೇಂದ್ರಗಳಲ್ಲಿ ಹಡಗಿನ ಕೆಲಸಕ್ಕೆ ಹೋದವರು ಒಬ್ಬರೂ ಇಲ್ಲದ ವಾರ್ಡು ಹುಡುಕುವುದು ಕಷ್ಟ. ಮೊನ್ನೆ ಅಂಥ ಒಬ್ಬ ಯುವಕ ರಜೆಯಲ್ಲಿ ಬಂದವನು ಸಂಜೆ ಹೊತ್ತಿಗೆ ನನ್ನನ್ನು ನೋಡಲು ಬಂದಿದ್ದ. ಅವನು ಕ್ಯಾಬಿನ್ ಸ್ಟೀವರ್ಡ್. ಪ್ರವಾಸಿ ಹಡಗು ಎಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಇಪ್ಪತ್ತು ಮಾಳಿಗೆಯ, ಈಜುಕೊಳ ಮತ್ತು ಜೂಜುಕಟ್ಟೆಗಳ ತೇಲುವ ಪಟ್ಟಣ. 2024ರಲ್ಲಿ ಯಾನ ಆರಂಭಿಸಿದ 'ಐಕಾನ್ ಆಫ್ ದ ಸೀಸ್' ಏಳು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರನ್ನು ಹೊರಬಲ್ಲದು. "ಅದಲ್ಲ ಫಾದರ್, ನಮ್ಮದು ಸಣ್ಣ ಹಡಗು. ನೂರಿಪ್ಪತ್ತು ಜನ. ಆದರೆ ಅದರಲ್ಲಿ ಅರ್ಧದಷ್ಟು ಮಂದಿ ಹಳಬರೇ" ಎಂದ.

ಹಳಬರು ಎಂದರೆ ಅದೇ ಹಡಗಿಗೆ ಮತ್ತೆ ಮತ್ತೆ ಬರುವವರು. ಕೆಲಸದಿಂದ ನಿವೃತ್ತರಾದ ವೈದ್ಯರು, ಅಧ್ಯಾಪಕರು, ಗಂಡನನ್ನೋ ಹೆಂಡತಿಯನ್ನೋ ಕಳಕೊಂಡವರು. ಯಾರಿಗೆ ಕಾಫಿಗೆ ಸಕ್ಕರೆ ಬೇಡ, ಯಾರಿಗೆ ಎರಡು ದಿಂಬು ಬೇಕು ಎಂಬುದೆಲ್ಲ ಇವನಿಗೆ ಬಾಯಿಪಾಠ. ಹಡಗು ಹತ್ತಿದ ಮೊದಲ ದಿನವೇ ಅವರು ಕೇಳುವ ಪ್ರಶ್ನೆ, "ಮುಂದಿನ ವರ್ಷ ಎಲ್ಲಿಗೆ?"

"ಅವರಿಗೆ ಹಡಗು ಬದಲಾಗಬಾರದು ಫಾದರ್, ಊರು ಮಾತ್ರ ಬದಲಾಗಬೇಕು" ಎಂದು ನಕ್ಕ. ನನಗೂ ನಗು ಬಂತು. ನಮ್ಮ ವೇಳಾಂಕಣಿ ಯಾತ್ರೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಅದೇ ಸೀಟು ಬೇಕು ಎಂದು ಹಟ ಹಿಡಿಯುವ ಹಿರಿಯರೇ, "ಫಾದರ್, ಹಿಂದಿರುಗುವಾಗ ಈ ಸಲ ಬೇರೆ ದಾರಿಯಲ್ಲಿ ಬರೋಣ" ಎನ್ನುವುದುಂಟು.

ಈ ಬಗೆಯ ಪ್ರವಾಸಕ್ಕೆ ದಾರಿ ತೆರೆದವರು ಸ್ವೀಡನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್. ಅವರು 1966ರಲ್ಲಿ ಬಾಡಿಗೆಗೆ ಪಡೆದ ಹಡಗಿನಲ್ಲಿ 57 ಪ್ರವಾಸಿಗರನ್ನು ಅಂಟಾರ್ಟಿಕಾಕ್ಕೆ ಕರೆದೊಯ್ದರು. ವಿಜ್ಞಾನಿಗಳು, ನೌಕಾಪಡೆಯವರು, ತಿಮಿಂಗಿಲ ಬೇಟೆಗಾರರೇ ಹೆಚ್ಚಾಗಿ ಹೋಗುತ್ತಿದ್ದ ಕಡೆಗೆ ಸಾಮಾನ್ಯ ಗೃಹಸ್ಥರು ಕ್ಯಾಮರಾ ಹಿಡಿದು ಹೋದರು. ಹೋಗಿ ಬಂದವರು ಸುಮ್ಮನಿರಲಿಲ್ಲ, ಇನ್ನೇನಿದೆ ಎಂದು ಕೇಳಿದರು. 1969ರಲ್ಲಿ ಫಿನ್‌ಲೆಂಡಿನಲ್ಲಿ ಈ ಕೆಲಸಕ್ಕೆಂದೇ ಒಂದು ಪುಟ್ಟ ಕೆಂಪು ಹಡಗು ತಯಾರಾಯಿತು. ಅದರ ಹೆಸರು 'ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್'. ಸುಮಾರು ನೂರು ಪ್ರಯಾಣಿಕರಷ್ಟೇ ಹಿಡಿಸುವ ಹಡಗು. 1984ರಲ್ಲಿ ಅದು ಕೆನಡಾದ ಉತ್ತರದ ಹಿಮಸಮುದ್ರದ ನಡುವಿನ ವಾಯವ್ಯ ಮಾರ್ಗವನ್ನೂ ದಾಟಿತು. ನಾರ್ವೆಯ ಅಮುಂಡ್ಸೆನ್ 1903ರಲ್ಲಿ ಹೊರಟು ಮೂರು ವರ್ಷ ಪಟ್ಟು ದಾಟಿದ ದಾರಿಯದು.

ಹೊಸ ದಾರಿಯನ್ನು ಗೊತ್ತುಮಾಡುವುದು ನಾವೆಣಿಸಿದಷ್ಟು ಸುಲಭವಲ್ಲ. ಸಣ್ಣ ಹಡಗಿಗೆ ಆಳವಿಲ್ಲದ ಕೊಲ್ಲಿಗಳಿಗೂ ನುಗ್ಗಲು ಸಾಧ್ಯ, ಬಂದರು ಕಟ್ಟೆ ಬೇಡ, ಜೋಡಿಯಾಕ್ ಎಂಬ ರಬ್ಬರ್ ದೋಣಿಗಳಲ್ಲಿ ಜನರನ್ನು ಇಳಿಸಬಹುದು. ಆದರೆ ಧ್ರುವಪ್ರದೇಶದ ಎಷ್ಟೋ ಕಡೆ ಸಮುದ್ರದ ತಳವನ್ನು ಸರಿಯಾಗಿ ಅಳೆದು ನಕ್ಷೆ ಮಾಡಿಲ್ಲ. ಎಣ್ಣೆ ಎಲ್ಲಿ ತುಂಬಿಸುವುದು, ಎಪ್ಪತ್ತೈದು ವರ್ಷದವರ ಕಾಲು ಮುರಿದರೆ ಆಸ್ಪತ್ರೆ ಎಷ್ಟು ದಿನದ ದಾರಿ, ಹಿಮ ಅಡ್ಡ ಬಂದರೆ ಬದಲಿ ಜಾಗ ಯಾವುದು ಎಂದು ಮೊದಲೇ ಲೆಕ್ಕ ಹಾಕಬೇಕು. ಕೆಲವು ದಾರಿಗಳು ಹುಟ್ಟಿದ್ದು ಮಾತ್ರ ಶುದ್ಧ ವ್ಯಾಪಾರದ ಜಾಣತನದಿಂದ. ಮಾರ್ಚಿಯಲ್ಲಿ ಅಂಟಾರ್ಟಿಕಾದ ಋತು ಮುಗಿದ ಮೇಲೆ ಹಡಗುಗಳು ಬೇಸಿಗೆಗೆ ಉತ್ತರಕ್ಕೆ ಹೋಗಲೇಬೇಕು. ಖಾಲಿ ಹೋದರೆ ನಷ್ಟ. ಹಾಗಾಗಿ ದಕ್ಷಿಣ ಜಾರ್ಜಿಯಾ, ಟ್ರಿಸ್ಟನ್ ಡ ಕುನ್ಹ, ಸೇಂಟ್ ಹೆಲೆನಾ ದ್ವೀಪಗಳನ್ನು ಪೋಣಿಸಿ ಅದನ್ನೇ ಒಂದು ಪ್ರವಾಸ ಮಾಡಿದರು. ಉಳಿದದ್ದೆಲ್ಲ ನೋಡಿ ಮುಗಿಸಿದ ಹಳಬರಿಗೆ ಇದು ಬಹಳ ಇಷ್ಟ.

ಆ ಕೆಂಪು ಹಡಗಿನ ಕೊನೆಯನ್ನೂ ಹೇಳಬೇಕು. 2007ರ ನವೆಂಬರ್ 23ರಂದು, ಬೇರೆ ಮಾಲೀಕರ ಕೈಯಲ್ಲಿದ್ದಾಗ, ಅಂಟಾರ್ಟಿಕಾದ ಕಿಂಗ್ ಜಾರ್ಜ್ ದ್ವೀಪದ ಸಮೀಪ ಹಿಮಕ್ಕೆ ತಾಗಿ ಅದರ ಮೈ ಸೀಳಿತು. ಹಡಗಿನಲ್ಲಿದ್ದ 154 ಮಂದಿ ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ತೆರೆದ ದೋಣಿಗಳಲ್ಲಿ ಕುಳಿತರು. ನಾರ್ವೆಯ ಪ್ರವಾಸಿ ಹಡಗು 'ನಾರ್ಡ್‌ನಾರ್ಗೆ' ಬಂದು ಅಷ್ಟೂ ಜನರನ್ನು ಎತ್ತಿಕೊಂಡಿತು. ಒಂದು ಜೀವವೂ ಹೋಗಲಿಲ್ಲ. ಆ ದಿನ ಸಮುದ್ರ ಶಾಂತವಾಗಿರದಿದ್ದರೆ, ಇನ್ನೊಂದು ಹಡಗು ಹತ್ತಿರದಲ್ಲಿ ಇರದಿದ್ದರೆ ಏನಾಗುತ್ತಿತ್ತು ಎಂದು ಊಹಿಸಲೂ ಭಯವಾಗುತ್ತದೆ.

ಅಪಾಯ ಪ್ರವಾಸಿಗರಿಗೆ ಮಾತ್ರವಲ್ಲ. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಏಳು ಸಾವಿರದೊಳಗೆ ಜನ ಅಂಟಾರ್ಟಿಕಾಕ್ಕೆ ಹೋಗುತ್ತಿದ್ದರು. 2023-24ರ ಋತುವಿನಲ್ಲಿ ಆ ಸಂಖ್ಯೆ 1.2 ಲಕ್ಷ ದಾಟಿತು. ಅಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಮಂದಿ ದಡಕ್ಕಿಳಿಯುವ ಹಾಗಿಲ್ಲ. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಯಾರನ್ನೂ ಇಳಿಸುವಂತಿಲ್ಲ. ಗಾಲಪಗೋಸ್ ದ್ವೀಪಗಳಲ್ಲಿ ಒಂದು ಹಡಗು ಒಂದು ಜಾಗಕ್ಕೆ ಹೋದರೆ ಹದಿನಾಲ್ಕು ದಿನದೊಳಗೆ ಅಲ್ಲಿಗೆ ಮರಳಬಾರದು. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2025ರ ಜನವರಿಯಿಂದ ಸಂರಕ್ಷಿತ ಪ್ರದೇಶಕ್ಕೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಪ್ರವೇಶವಿಲ್ಲ, ಇಳಿಯಲು ಬಿಟ್ಟಿರುವ ಜಾಗಗಳು 43 ಮಾತ್ರ. ನಮ್ಮ ಹುಡುಗ ಹೇಳುವಂತೆ ಪ್ರತಿ ಸಲ ಇಳಿಯುವ ಮೊದಲು ಬೂಟು ತಿಕ್ಕಿ ತೊಳೆಯಬೇಕು, ಜೇಬು, ಚೀಲಗಳ ಮಡಿಕೆಯಲ್ಲಿ ಹುಲ್ಲಿನ ಬೀಜ ಉಳಿದಿದೆಯೇ ಎಂದು ಹುಡುಕಬೇಕು. ಇದಕ್ಕೆ ಗೊಣಗುವವರು ಹೊಸಬರಂತೆ. ಹಳಬರು ತಾವಾಗಿಯೇ ಬ್ರಷ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಆದರೂ ಯಾರೂ ಕಾಲಿಡದ ದಡ ಬೇಕು ಎಂದು ಹೆಚ್ಚು ಕೇಳುವವರೂ ಅವರೇ. ನೂರು ಜನ ನೋಡಿ ಬಂದ ಮೇಲೆ ಆ ದಡ ಯಾರೂ ಕಾಲಿಡದ ದಡವಾಗಿ ಉಳಿಯುವುದಿಲ್ಲವಲ್ಲ ಎಂದು ನಾನು ಕೇಳಿದೆ. ಅವನಲ್ಲಿ ಉತ್ತರವಿರಲಿಲ್ಲ, ನನ್ನಲ್ಲೂ ಇಲ್ಲ.

ಅವನು ಹೇಳಿದ್ದರಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಒಬ್ಬ ಮುದುಕಿಯ ವಿಚಾರ. ಆಕೆ ಗಂಡನೊಂದಿಗೆ ಆ ಹಡಗಿನಲ್ಲಿ ಒಂಬತ್ತು ಸಲ ಬಂದಿದ್ದರು. ಗಂಡ ತೀರಿಕೊಂಡ ಮೇಲೂ ಒಬ್ಬರೇ ಬರುತ್ತಾರೆ. ಅದೇ ಕ್ಯಾಬಿನ್ ಬೇಕು, ಇವನೇ ಸ್ಟೀವರ್ಡ್ ಆಗಬೇಕು, ಆದರೆ ಹೋಗದ ಊರೇ ಆಗಬೇಕು. ಅಷ್ಟು ಚಂದದ ಹಳೆಯ ಜಾಗಗಳಿಗೆ ಇನ್ನೊಮ್ಮೆ ಯಾಕೆ ಹೋಗಬಾರದು ಎಂದು ಇವನು ಒಮ್ಮೆ ಸಲಿಗೆಯಿಂದ ಕೇಳಿದನಂತೆ. ನೋಡಿದ ಜಾಗದಲ್ಲೆಲ್ಲ ಅವರು ಪಕ್ಕದಲ್ಲಿಲ್ಲ ಎಂಬುದೇ ಕಾಣುತ್ತದೆ, ಹೊಸ ಜಾಗದಲ್ಲಿ ಅವರು ಎಂದೂ ಇರಲಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ನೋಡಬಲ್ಲೆ ಎಂದರಂತೆ ಆಕೆ. ದುಡ್ಡಿದ್ದವರ ಖಯಾಲಿ ಎಂದು ಅದುವರೆಗೆ ಒಳಗೊಳಗೇ ಅಂದುಕೊಳ್ಳುತ್ತಿದ್ದ ನಾನು ಆ ಮಾತು ಕೇಳಿ ಸುಮ್ಮನಾದೆ.

ಕಳೆದ ಋತುವಿನಲ್ಲಿ ಆಕೆ ಟ್ರಿಸ್ಟನ್ ಡ ಕುನ್ಹದ ಪ್ರವಾಸಕ್ಕೆ ಬಂದಿದ್ದರು. ಆ ದ್ವೀಪದಲ್ಲಿರುವುದು ಒಂದೇ ಊರು, ಇನ್ನೂರೈವತ್ತರೊಳಗೆ ಜನ. ವಿಮಾನ ಇಳಿಯುವ ಜಾಗವಿಲ್ಲ. ಕೇಪ್ ಟೌನ್‌ನಿಂದ ಸುಮಾರು 2,800 ಕಿಲೋಮೀಟರ್ ಸಮುದ್ರ ದಾಟಬೇಕು, ವಾರದ ಪಯಣ. 1961ರಲ್ಲಿ ಜ್ವಾಲಾಮುಖಿ ಸಿಡಿದಾಗ ಅಷ್ಟೂ ಜನರನ್ನು ಇಂಗ್ಲೆಂಡಿಗೆ ಸಾಗಿಸಿದರು. 1963ರಲ್ಲಿ ಹೆಚ್ಚಿನವರು ಅಲ್ಲಿನ ಸುಖ ಬೇಡವೆಂದು ತಮ್ಮ ಬಂಡೆಗೇ ಮರಳಿದರು. 1892ರಲ್ಲಿ ಹಡಗೊಡೆದು ದಡ ಸೇರಿದ ಇಬ್ಬರು ಇಟಲಿಯ ನಾವಿಕರ ಮನೆತನದ ಹೆಸರುಗಳು, ಲಾವರೆಲ್ಲೊ ಮತ್ತು ರೆಪೆಟ್ಟೊ, ಇಂದಿಗೂ ಅಲ್ಲಿವೆ. ಸಂತ ಜೋಸೆಫರ ಹೆಸರಿನ ಪುಟ್ಟ ಕಥೋಲಿಕ ದೇವಾಲಯವೂ ಇದೆ. ಹಡಗಿನ ಗ್ರಂಥಾಲಯದ ಪುಸ್ತಕದಲ್ಲಿ ಅದನ್ನು ಓದಿದ ನಮ್ಮ ಹುಡುಗ, ಸಿಬ್ಬಂದಿಗೂ ಒಂದು ಗಂಟೆ ಬಿಡುವು ಕೊಟ್ಟರೆ ಹೋಗಿ ಮೇಣದ ಬತ್ತಿ ಹಚ್ಚಿ ಬರಬೇಕೆಂದು ಅಮ್ಮ ಕೊಟ್ಟ ಬತ್ತಿಯನ್ನು ಜೇಬಿಗಿಟ್ಟುಕೊಂಡಿದ್ದ.

ಹಡಗು ದ್ವೀಪದ ಮುಂದೆ ಎರಡು ದಿನ ನಿಂತಿತು. ಅಲೆ ಇಳಿಯಲಿಲ್ಲ. ಅಲ್ಲಿಯ ಬಂದರು ತೀರ ಚಿಕ್ಕದು, ಗಾಳಿ ಎದ್ದರೆ ದೋಣಿ ಹೋಗಲಾಗದು. ಪ್ರವಾಸಿಗರು ಡೆಕ್ಕಿನಲ್ಲಿ ದುರ್ಬೀನು ಹಿಡಿದು ನಿಂತರು. ಪ್ರವಾಸಿ ಹಡಗು ಬರುವುದೇ ಅಪರೂಪವಾದ ಆ ಊರಿನಲ್ಲಿ ಉಣ್ಣೆಯ ಕಾಲ್ಚೀಲ, ಅಂಚೆಚೀಟಿ ಮಾರಲು ತಯಾರಾಗಿದ್ದವರಿಗೂ ಆ ದಿನ ವ್ಯಾಪಾರವಿಲ್ಲ. ಮೂರನೆಯ ದಿನ ಬೆಳಿಗ್ಗೆ ಕ್ಯಾಪ್ಟನ್ ಕ್ಷಮೆ ಕೇಳಿ ಹಡಗು ತಿರುಗಿಸಿದರು. ಕೆಲವರು ಸಿಟ್ಟಾದರು, ಇಷ್ಟು ಹಣ ಕೊಟ್ಟು ಬಂದದ್ದು ಇದಕ್ಕೇ ಎಂದರು. ಆ ಮುದುಕಿ ಮಾತ್ರ, "ಒಳ್ಳೆಯದಾಯಿತು, ಇನ್ನೂ ಒಂದು ಉಳಿಯಿತು" ಎಂದು ಮುಂದಿನ ವರ್ಷಕ್ಕೂ ಅದೇ ಪ್ರವಾಸಕ್ಕೆ ಹೆಸರು ಬರೆಸಿದರು.

ಅವನ ಹೊಸ ಕಾಂಟ್ರಾಕ್ಟ್ ಕೂಡ ಅದೇ ಹಡಗಿನಲ್ಲಿ. ಹೊರಡುವ ಮುಂಚಿನ ಭಾನುವಾರ ಪೂಜೆ ಮುಗಿಸಿ ತಾಯಿಮಗ ಇಬ್ಬರೂ ಮಾತನಾಡಿಸಲು ಬಂದರು. ಹಡಗು ಈ ಸಲ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಅವನು ಫೋನಿನಲ್ಲಿ ನಕ್ಷೆ ತೆರೆದು ನನಗೆ ತೋರಿಸುತ್ತಿದ್ದ. ಅವನ ಅಮ್ಮ ಅದನ್ನು ನೋಡಲಿಲ್ಲ. "ಕ್ರಿಸ್ಮಸ್‌ಗೆ ಬರ್ತಾನಾ ಫಾದರ್, ನೀವಾದರೂ ಕೇಳಿ" ಎಂದರು. ಬತ್ತಿ ಅವನ ಚೀಲದಲ್ಲೇ ಇದೆಯಂತೆ.