ಜಂತುಹುಳಕ್ಕೆ ಪಪ್ಪಾಯಿ ಬೀಜ: ಮಾತ್ರೆಯ ಜೊತೆಗೋ, ಬದಲಿಗೋ?

ಹೊರನಾಡು, ಕಳಸ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮಳೆ ಹಿಡಿಯಿತೆಂದರೆ ನೆಲ ತಿಂಗಳುಗಟ್ಟಲೆ ಒಣಗುವುದಿಲ್ಲ. ಮರದ ನೆರಳು, ತೇವ, ತರಗೆಲೆ ಕೊಳೆತ ಮೆತ್ತನೆಯ ಮಣ್ಣು ಕಾಫಿಗೆ ಹಿತ. ಕೊಕ್ಕೆಹುಳಕ್ಕೂ ಅಷ್ಟೇ ಹಿತ. ತೋಟದ ಮರೆಯಲ್ಲಿ ಶೌಚಕ್ಕೆ ಕೂತವರಿಂದ ಮಣ್ಣಿಗೆ ಸೇರಿದ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ವಾರ ಕಳೆಯುವಷ್ಟರಲ್ಲಿ ಮರಿಹುಳು ಬರಿಗಾಲಿನ ಚರ್ಮ ತೂರಿ ಒಳಸೇರಲು ಸಿದ್ಧ. ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಗು ಬಿಳಿಚಿಕೊಂಡಿದ್ದರೆ, ಮಣ್ಣು ತಿನ್ನುತ್ತಿದ್ದರೆ, ಗರ್ಭಿಣಿ ಸೊಸೆ ಮೆಟ್ಟಿಲು ಹತ್ತಲೂ ಏದುಸಿರು ಬಿಡುತ್ತಿದ್ದರೆ "ದೃಷ್ಟಿ ತಾಗಿದೆ" ಎನ್ನುವ ಮೊದಲು ಇದನ್ನೂ ಯೋಚಿಸಿ.

ನಮ್ಮ ಮನೆಗಳಲ್ಲಿ ಮದ್ದಿಗೆ ಕೊರತೆಯಿಲ್ಲ. ಜೇನಿನಲ್ಲಿ ಕಲಸಿದ ಪಪ್ಪಾಯಿ ಬೀಜ, ಕುಂಬಳ ಬೀಜ, ಬೆಳ್ಳುಳ್ಳಿ, ಕಲೌಂಜಿ. ಇವನ್ನು ನಾನು ತಳ್ಳಿಹಾಕುವುದಿಲ್ಲ. 2007ರಲ್ಲಿ ಪ್ರಕಟವಾದ ನೈಜೀರಿಯದ ಒಂದು ಅಧ್ಯಯನದಲ್ಲಿ ಒಣಗಿಸಿದ ಪಪ್ಪಾಯಿ ಬೀಜವನ್ನು ಜೇನಿನೊಂದಿಗೆ ಪಡೆದ 30 ಮಕ್ಕಳಲ್ಲಿ 23 ಮಕ್ಕಳ ಮಲ ಶುದ್ಧವಾಗಿತ್ತು. ಬರೀ ಜೇನು ಪಡೆದ 30 ಮಕ್ಕಳಲ್ಲಿ 5 ಮಾತ್ರ. ಫಲ ಚೆನ್ನಾಗಿಯೇ ಇದೆ. ಆದರೆ ಒಟ್ಟು 60 ಮಕ್ಕಳ ಪುಟ್ಟ ಪ್ರಯೋಗವದು. ಅದನ್ನು ನಂಬಿ ಮಾತ್ರೆ ಬಿಡಲು ನಾನಂತೂ ಹೇಳಲಾರೆ.

ಬೀಜ ಬೇಕಿದ್ದರೆ ಕೊಡಿ, ಮಾತ್ರೆಯ ಜೊತೆಗೆ ಕೊಡಿ. ನನ್ನ ತಕರಾರಿರುವುದು "ಮನೆಮದ್ದು ಕೊಟ್ಟಿದ್ದೇವಲ್ಲ" ಎಂದು ಫೆಬ್ರವರಿ 10ರಂದು ಮಗುವನ್ನು ಶಾಲೆಗೆ ಕಳಿಸದೆ ಉಳಿಸಿಕೊಳ್ಳುವುದರ ಬಗ್ಗೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಉಚಿತ. ಎರಡು ವರ್ಷ ದಾಟಿದವರಿಗೆ 400 ಮಿ.ಗ್ರಾಂ.ನ ಒಂದು ಮಾತ್ರೆ, ಅದಕ್ಕಿಂತ ಚಿಕ್ಕವರಿಗೆ ಅರ್ಧ, ಅದೂ ಪುಡಿಮಾಡಿ. ಅಜ್ಜಿಯಂದಿರ ಕಾಲದ ಹಾಗೆ ಉಪವಾಸ ಕೆಡವಿ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸಬೇಕಿಲ್ಲ. ಹೊಟ್ಟೆಯಲ್ಲಿ ಹುಳು ಹೆಚ್ಚಿದ್ದರೆ ಸ್ವಲ್ಪ ವಾಕರಿಕೆ, ಹೊಟ್ಟೆನೋವು ಬರಬಹುದು. ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಅಂದು ಮಗುವಿಗೆ ಜ್ವರವಿದ್ದರೆ ಟೀಚರಿಗೆ ತಿಳಿಸಿ, ಗುಣವಾದ ಮೇಲೆ ಕೊಡಿಸಿ. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ನುಂಗಬಾರದು, ಮೊದಲ ಮೂರು ತಿಂಗಳಂತೂ ಬೇಡವೇ ಬೇಡ. ಹಸಿ ಪಪ್ಪಾಯಿ, ಅದರ ಬೀಜ ಕೂಡ ಅವರಿಗೆ ಬೇಡ.

"ಪ್ರಕೃತಿಯದ್ದು, ಏನೂ ಆಗಲ್ಲ" ಎಂಬ ಮಾತು ಕೇಳಿದರೆ ನನಗೆ ಭಯ. ಹುಳಕ್ಕೆಂದು ಹಸುಗೂಸಿಗೆ ಬೇವಿನೆಣ್ಣೆ ಕುಡಿಸಿದರೆ ವಾಂತಿ, ಅಪಸ್ಮಾರದಂಥ ಸೆಳೆತ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಒಂದು ವರ್ಷದೊಳಗಿನ ಕೂಸಿಗೆ ಜೇನೂ ಕೊಡಬಾರದು.

ಕಲೌಂಜಿಯ ಹದೀಸ್ ನಮಗೆಲ್ಲ ಬಾಯಿಪಾಠ. ದಾರಿಯಲ್ಲಿ, ಜನ ಕೂರುವ ನೆರಳಿನಲ್ಲಿ, ನೀರಿನ ಬಳಿ ಮಲವಿಸರ್ಜನೆ ಮಾಡಬಾರದೆಂದು ಅದೇ ಪ್ರವಾದಿಯವರು (ಸ) ತಡೆದದ್ದು ಎಷ್ಟು ಜನರಿಗೆ ನೆನಪಿದೆ? ಕೊಕ್ಕೆಹುಳದ ಹಾದಿಗೆ ಇದಕ್ಕಿಂತ ಗಟ್ಟಿ ಬೇಲಿ ನನಗೆ ತೋಚುವುದಿಲ್ಲ. ವಾರವಾರ ಉಗುರು ಕತ್ತರಿಸುವುದು, ಶೌಚದ ಬಳಿಕ ಬರೀ ನೀರಲ್ಲದೆ ಸೋಪು ಹಾಕಿ ಕೈ ತೊಳೆಯುವುದು ದುಂಡುಹುಳ, ದಾರಹುಳಗಳ ಮೊಟ್ಟೆಗೆ ತಡೆ. ಲೈನ್ ಮನೆಗಳಿಗೆ ಕಕ್ಕಸು ಕಟ್ಟಿಸಿಕೊಡದ ತೋಟದ ಮಾಲೀಕರು ನಮ್ಮವರಲ್ಲೂ ಇದ್ದರೆ, ಈ ಪುಟ ಅವರಿಗೂ ಓದಿಸಿ.

ಈ ಮಳೆಗಾಲಕ್ಕೆ ಮಕ್ಕಳ ಕಾಲಳತೆಯ ರಬ್ಬರ್ ಚಪ್ಪಲಿ ತನ್ನಿ. ಆ ದಿನ ಮಾತ್ರೆ ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ.