ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕೊಟ್ಟವನು ನಾನು. ಅದರ ಅರ್ಥ ಪೂರ್ತಿ ತಿಳಿದದ್ದು ಮಾತ್ರ 2019ರಲ್ಲಿ, ನನ್ನದೇ ಬಾಯೊಳಗೆ ಬರೆ ಬಿದ್ದ ಮೇಲೆ.

ಬಲಗಡೆ ದವಡೆಯಲ್ಲಿ ನೋವು. ಬಿಸಿ ಕಾಫಿ ಕುಡಿದರೆ ಕಿವಿಯವರೆಗೂ ಚಳುಕು, ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಲವಂಗದ ಎಣ್ಣೆ ಆಯಿತು, ಮೆಡಿಕಲ್ ಶಾಪಿನ ಮಾತ್ರೆ ಆಯಿತು. ನಾಲ್ಕನೆಯ ದಿನ ನಮ್ಮೂರಿನ ದಂತವೈದ್ಯರ ಕುರ್ಚಿಯಲ್ಲಿ ಒರಗಿದೆ. "ಯಾವ ಹಲ್ಲು ಸಾರ್?" ಎಂದರು. "ಕೆಳಗಿನದು ಇರಬೇಕು. ಏನಾದರೂ ಮಾಡಿ, ಇವತ್ತೇ ಮಾಡಿ" ಎಂದೆ. ಕೆಳಗಿನ ದವಡೆಹಲ್ಲಿನ ಒಂದು ಎಕ್ಸ್‌ರೇ ತೆಗೆದರು. ಅದರಲ್ಲಿ ಹಳೆಯ ಸಿಮೆಂಟು ಕಂಡಿತು. "ಇದೇ. ರೂಟ್ ಕೆನಾಲ್ ಮಾಡಿಬಿಡೋಣ." ಡ್ರಿಲ್ಲು ಕೂಗತೊಡಗಿದಾಗ ನಾನು ಒಳಗೆ ಬಂದು ಹತ್ತು ನಿಮಿಷವೂ ಆಗಿರಲಿಲ್ಲ.

ಮೂರು ಸಲ ಹೋಗಿಬಂದೆ, ಕ್ಯಾಪೂ ಹಾಕಿಸಿಕೊಂಡೆ. ನೋವು ಇದ್ದಲ್ಲೇ ಇತ್ತು. "ಸ್ವಲ್ಪ ದಿನ ಇರುತ್ತೆ ಸಾರ್" ಎಂದರು. ಮನೆಯಲ್ಲಿ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಯಾವ ಹಲ್ಲು ಅಂತ ನಿಮಗೇ ಸರಿಯಾಗಿ ಗೊತ್ತಿರಲಿಲ್ಲ. ನಿಮ್ಮನ್ನು ಕೇಳಿ ಕೊರೆದ ಅವರಿಗೆ ಹೇಗೆ ಗೊತ್ತಾಯ್ತು ರೀ?"

ಶಿವಮೊಗ್ಗದಲ್ಲಿ ನನ್ನನ್ನು ನೋಡಿದ ಡಾಕ್ಟರಮ್ಮ ಅರ್ಧ ಗಂಟೆ ಡ್ರಿಲ್ಲು ಮುಟ್ಟಲಿಲ್ಲ. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟಿದರು. ತಣ್ಣಗೆ ಮಾಡಿದ ಹತ್ತಿಯನ್ನು ಒಂದೊಂದಕ್ಕೂ ಮುಟ್ಟಿಸಿ, ಚಳುಕು ಎಷ್ಟು ಹೊತ್ತು ನಿಲ್ಲುತ್ತದೆಂದು ಎಣಿಸಿದರು. ಎಡಗಡೆಯ ಗಟ್ಟಿ ಹಲ್ಲುಗಳಿಗೂ ಹಾಗೇ ಮಾಡಿ ಹೋಲಿಸಿದರು. ಮೇಲಿನ ಒಂದು ದವಡೆಹಲ್ಲಿನಲ್ಲಿ ಮಾತ್ರ ಹತ್ತಿ ತೆಗೆದ ಮೇಲೂ ನೋವು ಇಳಿಯಲಿಲ್ಲ. ಖಾತ್ರಿಗೆಂದು ಅದೊಂದಕ್ಕೇ ಇಂಜೆಕ್ಷನ್ ಕೊಟ್ಟರು. ಐದು ನಿಮಿಷಕ್ಕೆ ಕೆಳದವಡೆಯ ನೋವು ಮಾಯ!

ಇದರಲ್ಲಿ ಪವಾಡವೇನೂ ಇಲ್ಲ. ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡರ ಸುದ್ದಿಯನ್ನೂ ಮಿದುಳಿಗೆ ಒಯ್ಯುವುದು ಒಂದೇ ಟ್ರೈಜೆಮಿನಲ್ ನರದ ಕವಲುಗಳು. ಉರಿಯೂತ ಬೇರಿನ ಸುತ್ತಲಿನ ಭಾಗಕ್ಕೆ ತಲುಪುವ ತನಕ ಒಳಗಿನ ತಿರುಳಿಗೆ ನೋವು ಗೊತ್ತು, ನೋವಿನ ವಿಳಾಸ ಗೊತ್ತಿಲ್ಲ. ವಿಳಾಸ ಪತ್ತೆ ಮಾಡುವುದು ವೈದ್ಯರ ಕೆಲಸ. ರೋಗಿಯ ಬೆರಳು ತೋರಿದಲ್ಲಿ ಕೊರೆಯುವುದಕ್ಕೆ ಡಿಗ್ರಿ ಯಾಕೆ ಬೇಕು?

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವರು ತೆಗೆದ ಹೊಸ ಎಕ್ಸ್‌ರೇಯಲ್ಲಿ, ಕ್ಯಾಪು ಹಾಕಿದ ಹಲ್ಲಿನ ಬೇರಿನ ತುದಿಯಲ್ಲಿ, ಸೂಜಿಯಂಥ ಒಂದು ಬಿಳಿ ಗೆರೆ. ಮುರಿದ ಫೈಲಿನ ಚೂರು. "ಇದರ ಬಗ್ಗೆ ನಿಮಗೆ ಹೇಳಿದ್ದಾರಾ?" ಎಂದು ಕೇಳಿದರು. ಯಾರೂ ಹೇಳಿರಲಿಲ್ಲ.

ಫೈಲು ಮುರಿದದ್ದಕ್ಕೆ ನನ್ನ ಜಗಳವಿಲ್ಲ. ಬೇರಿನ ನಾಳ ಡೊಂಕು. ನಿಕ್ಕಲ್-ಟೈಟೇನಿಯಂ ಫೈಲು ಬಳುಕಿ ಬಳುಕಿ ದಣಿದು, ಪಳಗಿದ ಕೈಯಲ್ಲೂ ಸೂಚನೆ ಕೊಡದೆ ಮುರಿಯುತ್ತದೆ. ನಾಳ ಅಷ್ಟರಲ್ಲಿ ಚೊಕ್ಕಟವಾಗಿದ್ದರೆ ಚೂರು ಒಳಗಿದ್ದೂ ಹಲ್ಲು ವರ್ಷಗಟ್ಟಲೆ ಬಾಳಬಹುದು. ಮೇಲಿನ ಮೊದಲ ದವಡೆಹಲ್ಲಿನಲ್ಲಿ ನಾಲ್ಕನೆಯ ನಾಳವೊಂದು ಅವಿತಿರುವುದು ಸಾಮಾನ್ಯ, ಅದು ತಪ್ಪಿಹೋಗಬಹುದು. ಬೇರಿನ ಗೋಡೆ ತೂತಾಗಬಹುದು. ತೊಳೆಯುವ ಹೈಪೋಕ್ಲೋರೈಟ್ ತುದಿ ದಾಟಿ ಹೋದರೆ ಮುಖವೇ ಊದಿಕೊಳ್ಳಬಹುದು. ಇವೆಲ್ಲ ಅವರ ಪಠ್ಯಪುಸ್ತಕದಲ್ಲೇ ಇವೆ. ನನ್ನ ಜಗಳ ಎರಡಕ್ಕೆ: ಯಾವ ಹಲ್ಲೆಂದು ತಿಳಿಯುವ ಮೊದಲೇ ಕೊರೆದದ್ದು, ಮುರಿದದ್ದನ್ನು ಮುಚ್ಚಿಟ್ಟದ್ದು.

"ಎಲ್ಲ ಹೇಳಿದರೆ ರೋಗಿ ಹೆದರಿ ಓಡಿಹೋಗ್ತಾನೆ, ಇಲ್ಲವೇ ಕೋರ್ಟಿಗೆ ಹೋಗ್ತಾನೆ" ಎನ್ನುವ ವೈದ್ಯಮಿತ್ರರು ನನಗೂ ಇದ್ದಾರೆ. 2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದ್ದನ್ನು ಅವರು ಓದಲಿ. ಅದು ಹಲ್ಲಿನ ಪ್ರಕರಣವಲ್ಲ, ಗರ್ಭಕೋಶ ತೆಗೆದದ್ದರ ಪ್ರಕರಣ. ಆದರೆ ಮಾತು ಎಲ್ಲ ವೈದ್ಯರಿಗೂ ಸಲ್ಲುತ್ತದೆ: ರೋಗಪತ್ತೆಗೆಂದು ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳು, ಇವನ್ನು ಮೊದಲೇ ತಿಳಿಸಬೇಕು. ಹೇಳಿದ್ದರಿಂದ ಕೋರ್ಟಿಗೆ ಹೋದವರಿಗಿಂತ, ಮುಚ್ಚಿಟ್ಟದ್ದು ಬಯಲಾದಾಗ ಸಿಟ್ಟಿಗೆದ್ದು ಹೋದವರೇ ಹೆಚ್ಚಿರಬೇಕು ಎಂದು ನನ್ನ ಗುಮಾನಿ. ನನಗೆ ಹಾಗೆ ಸಿಟ್ಟು ಬಂದದ್ದಂತೂ ನಿಜ.

ನಮ್ಮ ತಪ್ಪೂ ಇದೆ, ಒಪ್ಪಿಕೊಳ್ಳೋಣ. ಕೊರೆದದ್ದಕ್ಕೆ ಸಾವಿರಗಟ್ಟಲೆ ಎಣಿಸಿ ಕೊಡುವ ನಾವು, ನೋಡಿ ಯೋಚಿಸಿದ್ದಕ್ಕೆ ಇನ್ನೂರು ಕೇಳಿದರೆ "ಏನೂ ಮಾಡಲಿಲ್ಲವಲ್ಲ!" ಎಂದು ಗೊಣಗುತ್ತೇವೆ. "ಇವತ್ತೇ ಮಾಡಿ" ಎಂದು ಗಡಿಬಿಡಿ ಮಾಡಿದವನೂ ನಾನೇ. ಆದರೆ ನೋವಿನಲ್ಲಿರುವವನು ಗಡಿಬಿಡಿ ಮಾಡುವುದು ಸಹಜ. ಮಾಡಬಾರದವರು ಕುರ್ಚಿಯ ಪಕ್ಕದಲ್ಲಿ ನಿಂತವರು.

ಎಕ್ಸ್‌ರೇ ಹಿಡಿದುಕೊಂಡು ಮೊದಲಿನ ವೈದ್ಯರ ಹತ್ತಿರ ಹೋದೆ. ಬೆಳಕಿಗೆ ಹಿಡಿದು ನೋಡಿದರು. "ಅದೇನೂ ತೊಂದರೆ ಇಲ್ಲ ಸಾರ್" ಎಂದರು. "ತೊಂದರೆ ಇಲ್ಲದ್ದನ್ನು ಅವತ್ತೇ ಹೇಳಬಹುದಿತ್ತಲ್ಲ ಡಾಕ್ಟ್ರೇ?" ಎಂದೆ. ಅವರು ಮುಂದಿನವರನ್ನು ಕರೆದರು.

ಆ ಮುಂದಿನವರು ನೀವೇ ಆಗಿರಬಹುದು. ಬಾಯಿ ತೆರೆಯುವ ಮೊದಲು ಕೇಳಿ: ಯಾವ ಹಲ್ಲು, ಅದೇ ಎಂದು ಹೇಗೆ ಗೊತ್ತಾಯಿತು? ಮುಗಿದ ಮೇಲೆ ಕೇಳಿ: ಒಳಗೆ ಹೋದದ್ದೆಲ್ಲ ಹೊರಗೆ ಬಂತೇ, ಕೊನೆಯ ಎಕ್ಸ್‌ರೇ ಎಲ್ಲಿ? ಉತ್ತರಕ್ಕೆ ಬೇಸರಪಟ್ಟರೆ ಎದ್ದು ಬನ್ನಿ. ನನ್ನ ಕೆಳಗಿನ ಹಲ್ಲು ಅಂದು ಜೀವಂತವಾಗಿತ್ತು. ಅದರ ಪರವಾಗಿ ಒಂದು ಪ್ರಶ್ನೆ ಕೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.