ಬರೇ ವಾಟ್ಸಾಪ್ ನಡೆಯುವ ಸಣ್ಣ ಪ್ಯಾಕ್ ಯಾಕೆ ಬಂದ್ ಆಯಿತು?

ಹೋದ ವಾರ ಮಾನ್ವಿ ಬಸ್ ನಿಲ್ದಾಣದ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ರಿಚಾರ್ಜ್ ಮಾಡಿಸಲು ನಿಂತಿದ್ದೆವು. ನಮ್ಮ ಮುಂದೆ ಹಳ್ಳಿಯಿಂದ ಬಂದ ಹಿರಿಯರೊಬ್ಬರು. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದಾನೆ. ವಾಟ್ಸಾಪ್‌ನಲ್ಲಿ ಅವನ ಮುಖ ನೋಡಿ ಮಾತಾಡಬೇಕು, ಅವರಿಗೆ ಬೇಕಾದದ್ದು ಇಷ್ಟೇ.

"ತಮ್ಮಾ, ಬರೇ ವಾಟ್ಸಾಪ್ ನಡೆಯೋ ಸಣ್ಣ ಪ್ಯಾಕ್ ಇತ್ತಲ್ಲ ಮೊದಲ, ಅದನ್ನ ಹಾಕು."

"ಅದು ಬಂದ್ ಆಗಿ ಎಷ್ಟೋ ವರ್ಷ ಆತು ಕಾಕಾ. ಈಗ 299 ರೂಪಾಯಿದು ಹಾಕ್ಲೇನು?"

"ಒಂದಿನದ ಕೂಲಿ ಹೋತು ನೋಡು," ಎಂದು ಅವರು ರೊಕ್ಕ ಎಣಿಸಿ ಕೊಟ್ಟರು.

ಅವರ ಮಾತಿನಲ್ಲಿ ಹೆಚ್ಚು ಕಮ್ಮಿ ಏನಿಲ್ಲ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೋದ 28 ದಿನಗಳ ಪ್ಲ್ಯಾನ್ 2024ರ ಜುಲೈನಲ್ಲಿ 239ರಿಂದ 299ಕ್ಕೆ ಏರಿತು. ಉಳಿದ ಖಾಸಗಿ ಕಂಪನಿಗಳೂ ಅದೇ ತಿಂಗಳು ದರ ಏರಿಸಿದವು. 28 ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ 12 ಅಲ್ಲ, 13 ರಿಚಾರ್ಜ್.

ಹಾಗಾದರೆ ಆ ಸಣ್ಣ ಪ್ಯಾಕ್ ನಿಲ್ಲಿಸಿದ್ದು ಯಾರು? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್. 2016ರ ಫೆಬ್ರುವರಿ 8ರಂದು ಅದು ಒಂದು ನಿಯಮ ತಂದಿತು: ಯಾವ ವೆಬ್‌ಸೈಟ್, ಯಾವ ಆ್ಯಪ್ ನೋಡುತ್ತೀರಿ ಎಂಬುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ಮೀರಿದರೆ ದಿನಕ್ಕೆ 50 ಸಾವಿರ ರೂಪಾಯಿ, ಗರಿಷ್ಠ 50 ಲಕ್ಷ ದಂಡ. ಹಳೆಯ ಪ್ಯಾಕುಗಳಿಗೆ ಆರು ತಿಂಗಳ ಗಡುವು ಕೊಟ್ಟರು. ವಾಟ್ಸಾಪ್ ಪ್ಯಾಕ್, ಫೇಸ್‌ಬುಕ್ ಪ್ಯಾಕ್ ಎಲ್ಲ ಹೋದದ್ದು ಹೀಗೆ.

ಇಂಥ ನಿಯಮ ಬೇಕು ಎಂದು ಟ್ರಾಯ್‌ಗೆ ಬರೆದವರಲ್ಲಿ ನಾವೂ ಒಬ್ಬರು. ಅಂಗಡಿಯಲ್ಲಿ ಆ ಹಿರಿಯರಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ನಿಜ ಹೇಳಬೇಕೆಂದರೆ ಮೊದಲು ನಾವೂ ಆ ಕಡೆಯೇ ಇದ್ದೆವು. 2015ರ ಡಿಸೆಂಬರ್ ನೆನಪಿದೆಯೇ? ಫೇಸ್‌ಬುಕ್ ಕಂಪನಿ 'ಫ್ರೀ ಬೇಸಿಕ್ಸ್' ಹೆಸರಿನಲ್ಲಿ ಕೆಲವು ವೆಬ್‌ಸೈಟುಗಳನ್ನು ಪುಕ್ಕಟೆ ತೋರಿಸುತ್ತೇವೆ ಎಂದಿತ್ತು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು. ಫೇಸ್‌ಬುಕ್ ತೆರೆದರೆ, ಇದನ್ನು ಬೆಂಬಲಿಸಿ ಟ್ರಾಯ್‌ಗೆ ಸಂದೇಶ ಕಳಿಸಿ ಎಂಬ ಗುಂಡಿ. ಬಡವರಿಗೆ ಪುಕ್ಕಟೆ ನೆಟ್ ಸಿಕ್ಕರೆ ಒಳ್ಳೆಯದೇ ಅಲ್ಲವೇ ಎಂದು ನಾವೂ ಒತ್ತಿದೆವು. ಆಮೇಲೆ ಓದಿ ನೋಡಿದಾಗ ಗೊತ್ತಾಯಿತು, ಅದು ಇಡೀ ಇಂಟರ್‌ನೆಟ್ ಅಲ್ಲ. ಅದರೊಳಗೆ ಯಾವ ಸೈಟ್ ಇರಬೇಕು ಎಂಬ ಷರತ್ತು ಬರೆಯುವುದು ಆ ಕಂಪನಿಯೇ. ರಾಯಚೂರು ಎಪಿಎಂಸಿಯ ಹತ್ತಿ ದರ ಸಿಗುತ್ತದೋ ಇಲ್ಲವೋ, ಪಹಣಿ ತೆರೆಯುತ್ತದೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿರಲಿಲ್ಲ.

ಈ ಮಾತು ಮಾನ್ವಿ, ಸಿರವಾರ ಕಡೆಯ ರೈತರಿಗೆ ಬೇಗ ತಿಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಏನಾಗುತ್ತದೆ? ಡ್ಯಾಮಿನಲ್ಲಿ ನೀರಿದ್ದರೂ ಕೊನೆ ಭಾಗದ ಭತ್ತ ಒಣಗುತ್ತದೆ. ಗೇಜ್ ಪ್ರಕಾರ ನೀರು ಬಿಡಿ ಎಂದು ರಸ್ತೆಯಲ್ಲಿ ಕೂರಬೇಕಾಗುತ್ತದೆ. ಕಾಲುವೆ ಸರ್ಕಾರದ್ದು, ನೀರು ಎಲ್ಲರದ್ದು, ಆದರೆ ಗೇಟಿನ ಕೀಲಿ ಯಾರ ಕೈಯಲ್ಲಿದೆಯೋ ಅವರ ಗದ್ದೆ ಹಸಿರು. ನೆಟ್‌ನಲ್ಲಿ ದೊಡ್ಡ ಕಂಪನಿಯ ಆ್ಯಪ್ ಪುಕ್ಕಟೆ, ಉಳಿದದ್ದಕ್ಕೆ ದರ ಎಂದಾದರೆ ನಮ್ಮಂಥ ಸಣ್ಣ ಬ್ಲಾಗು, ಊರಿನ ಯೂಟ್ಯೂಬ್ ಚಾನೆಲ್ಲು, ಸ್ವಸಹಾಯ ಸಂಘದವರ ಅಂಗಡಿ ಎಲ್ಲ ಕಾಲುವೆಯ ಕೊನೆ ಭಾಗಕ್ಕೇ. 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ಶುರುವಾದಾಗ ನಾವು ಹಾಕಿದ ವಿಡಿಯೋ ನೋಡಲು ಬೇರೆ ದರ ಕೊಡಬೇಕಿತ್ತು ಎಂದರೆ ಎಷ್ಟು ಜನ ನೋಡುತ್ತಿದ್ದರು?

2018ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ಕಂಪನಿಗಳು ಒಂದು ಸೈಟನ್ನು ತಡೆಯುವುದು, ನಿಧಾನ ಮಾಡುವುದು, ಇನ್ನೊಂದಕ್ಕೆ ವೇಗ ಕೊಡುವುದು ಬೇಡ ಎಂದು ಲೈಸೆನ್ಸಿನಲ್ಲೇ ಸೇರಿಸಿತು. ಇದನ್ನೇ ನೆಟ್ ನ್ಯೂಟ್ರಾಲಿಟಿ ಎನ್ನುವುದು.

ಈಗ ಅದೇ ಜಗಳ ಬೇರೆ ಬಾಗಿಲಿನಿಂದ ಬಂದಿದೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥವರ ವಿಡಿಯೋಗಳೇ ನಮ್ಮ ನೆಟ್‌ವರ್ಕ್ ತುಂಬಿವೆ, ಆದ್ದರಿಂದ ಖರ್ಚಿನಲ್ಲಿ ಅವರೂ ಪಾಲು ಕೊಡಲಿ ಎಂದು ಮೊಬೈಲ್ ಕಂಪನಿಗಳು ಕೇಳುತ್ತಿವೆ. ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ದೊಡ್ಡವರು ಕೊಟ್ಟರೆ ನಮ್ಮದೇನು ಹೋಗುತ್ತದೆ?

ಆದರೆ ಯೋಚಿಸಿ. ಆ ವಿಡಿಯೋ ತಾನಾಗಿ ನಮ್ಮ ಫೋನಿಗೆ ನುಗ್ಗಿ ಬರಲಿಲ್ಲ. ನಾವು ಒತ್ತಿದ್ದಕ್ಕೆ ಬಂತು. ಅದಕ್ಕೆ 299 ಕೊಟ್ಟಾಗಿದೆ. ಒಂದೇ ಮೂಟೆಗೆ ಎರಡು ಕಡೆ ಹಮಾಲಿ ವಸೂಲಿ ಮಾಡಿದರೆ ಹೇಗೆ? ದಕ್ಷಿಣ ಕೊರಿಯಾದಲ್ಲಿ ಇಂಥ ವಸೂಲಿ ಇದೆ. ಆಟ ಆಡುವುದನ್ನು ಲೈವ್ ತೋರಿಸುವ ಟ್ವಿಚ್ ಎಂಬ ಕಂಪನಿ, ಬೇರೆ ದೇಶಗಳಿಗಿಂತ ಇಲ್ಲಿ ನೆಟ್‌ವರ್ಕ್ ಶುಲ್ಕ ಹತ್ತು ಪಟ್ಟು ಎಂದು ಹೇಳಿ 2024ರ ಫೆಬ್ರುವರಿಯಲ್ಲಿ ಅಲ್ಲಿ ಅಂಗಡಿ ಮುಚ್ಚಿತು. ದೊಡ್ಡ ಕಂಪನಿಯೇ ಓಡಿಹೋದ ಮೇಲೆ ಸಣ್ಣವರ ಪಾಡೇನು? ಇನ್ನು ಕೊಟ್ಟು ಉಳಿದವರು ಆ ರೊಕ್ಕವನ್ನು ನೋಡುವವರಿಂದಲೇ ಎತ್ತುತ್ತಾರೆ.

ಹಳ್ಳಿಗೆ ಟವರ್ ಹಾಕಲು ರೊಕ್ಕ ಬೇಡವೇ ಎಂದು ಕೇಳಬಹುದು. ಬೇಕು. ದೇವದುರ್ಗದ ಎಷ್ಟೋ ತಾಂಡಾ, ದೊಡ್ಡಿಗಳಲ್ಲಿ ಸಿಗ್ನಲ್‌ಗಾಗಿ ದಿಬ್ಬ ಹತ್ತುವುದನ್ನು ನಾವೇ ನೋಡಿದ್ದೇವೆ. ಆದರೆ ಅದಕ್ಕೆಂದೇ ಒಂದು ನಿಧಿ ಇದೆ. ಕಂಪನಿಗಳ ಹೊಂದಾಣಿಕೆ ಮಾಡಿದ ಆದಾಯದಲ್ಲಿ ಶೇ 5ರಷ್ಟು ಅದಕ್ಕೆ ಹೋಗುತ್ತದೆ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೊಸ ಹೆಸರಿಟ್ಟಿದೆ. ಆ ಆದಾಯ ನಮ್ಮ ರಿಚಾರ್ಜಿನದೇ. ಅದರಲ್ಲಿ ನಮ್ಮ ತಾಲ್ಲೂಕಿಗೆ ಎಷ್ಟು ಟವರ್ ಬಂತು, ಎಷ್ಟು ನಡೆಯುತ್ತಿವೆ ಎಂಬ ಲೆಕ್ಕವನ್ನು ಊರೂರಿನ ಪಂಚಾಯಿತಿ ಗೋಡೆಗೆ ಹಚ್ಚಲಿ.

ಹಾಗಾದರೆ ಆ ಹಿರಿಯರಿಗೆ ನಮ್ಮ ಉತ್ತರ ಏನು? ನಿಯಮ ಸರಿಯಿದೆ, ನೀವು 299 ಕೊಡಿ ಎಂದರೆ ಅದು ಉತ್ತರವಲ್ಲ. ನೆಟ್ ಬೇಡ, ಬರೇ ಮಾತು ಸಾಕು ಎನ್ನುವವರಿಗೆ ಪ್ರತ್ಯೇಕ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಅದೇ ರೀತಿ ಕಡಿಮೆ ದರದ, ಕಡಿಮೆ ಡೇಟಾದ, ಪೂರ್ತಿ ತಿಂಗಳು ನಡೆಯುವ ಸಣ್ಣ ಪ್ಯಾಕನ್ನೂ ಕಡ್ಡಾಯ ಮಾಡಲಿ. ಅದರಲ್ಲಿ ವಾಟ್ಸಾಪೂ ತೆರೆಯಲಿ, ಪಹಣಿಯೂ ತೆರೆಯಲಿ, ಮಗಳ ಸ್ಕಾಲರ್‌ಶಿಪ್ ಅರ್ಜಿಯೂ ತೆರೆಯಲಿ.

ಅಗ್ಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಗ್ಗದ ಹೆಸರಿನಲ್ಲಿ ಗೇಟಿನ ಕೀಲಿ ಕೊಟ್ಟುಬಿಟ್ಟರೆ ಆಮೇಲೆ ಏನಾಗುತ್ತದೆ ಎಂದು ಕೊನೆ ಭಾಗದ ರೈತರಿಗೆ ನಾವು ಹೇಳಿಕೊಡಬೇಕಿಲ್ಲ.